ತವರಿಗೂ ಜೊತೆಯಾಗುವ ದನಿ: ಗರ್ಭಿಣಿಯರಿಗೆ ಲಸಿಕೆಯ ತಿಳಿವಳಿಕೆ

ಮಗು ಹುಟ್ಟುತ್ತಲೇ ಬಿಸಿಜಿ, ಪೋಲಿಯೊ ಹನಿ ಮತ್ತು 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆಯನ್ನು ನೀಡಬೇಕಾಗಿರುವುದರಿಂದ, ತಾಯಿಯಾಗುವವಳು ಲಸಿಕೆಯ ಬಗೆಗೆ ವಿಚಾರಮಾಡಿ ಮನಸ್ಸು ಗಟ್ಟಿಮಾಡಿಕೊಳ್ಳಲು ಸಿಗುವ ಕಾಲವೆಂದರೆ ಬಸಿರಿನ ತಿಂಗಳುಗಳೇ. ಲಸಿಕೆ ಕೈಗೆಟಕುವಂತಿದ್ದರೂ ಹಾಕಿಸಲು ಹಿಂದೆಮುಂದೆ ನೋಡುವುದನ್ನು 'ಲಸಿಕಾ ಹಿಂಜರಿಕೆ' ಎನ್ನಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇದನ್ನು ಜಗತ್ತಿನ ಆರೋಗ್ಯಕ್ಕೆ ಎದುರಾದ ಹತ್ತು ಅಪಾಯಗಳಲ್ಲಿ ಒಂದೆಂದು ಹೆಸರಿಸಿತು.

ಗದಗ ಸೀಮೆಯಲ್ಲಿ ಕುಬಸದ (ಸೀಮಂತದ) ಕಾರ್ಯ ಮುಗಿದ ಬಳಿಕ ಚೊಚ್ಚಲ ಬಸುರಿಯು ತವರಿಗೆ ಹೋಗುವುದು ವಾಡಿಕೆ. ಹೀಗಾಗಿ ಲಕ್ಷ್ಮೇಶ್ವರದ ಕಡೆ ತಾಯಿ ಕಾರ್ಡ್ ಮಾಡಿಸಿ ಅಲ್ಲಿನ ಆಶಾ ಕಾರ್ಯಕರ್ತೆಯ ಮಾತಿಗೆ ಕಿವಿಗೊಟ್ಟವಳ ಹೆರಿಗೆ ಮುಂಡರಗಿಯ ಕಡೆ ಆಗಬಹುದು. ಮಗುವಿನ 6, 10 ಮತ್ತು 14ನೆಯ ವಾರದ ಲಸಿಕೆಗಳ ಸಮಯವು ಬಾಣಂತನದ ಮನೆಯಲ್ಲಿ, ಹಿರಿಯ ಹೆಂಗಸರ ಮಾತು ನಡೆಯುವಲ್ಲಿ ಬರಬಹುದು. ಊರು ಬದಲಾದರೂ ಅವಳ ಜೊತೆಗೆ ಉಳಿಯಬಲ್ಲದ್ದು ಮೊಬೈಲ್.

ದೂರದಲ್ಲಿರುವವರಿಗೆ ಫೋನು ಅಥವಾ ವಿಡಿಯೊ ಮೂಲಕ ಸಲಹೆ, ತಿಳಿವಳಿಕೆ ನೀಡುವ ಕ್ರಮವೇ ಟೆಲಿಹೆಲ್ತ್. ಕೇಂದ್ರ ಸರ್ಕಾರವು 2016ರಲ್ಲಿ ಆರಂಭಿಸಿದ ಕಿಲ್ಕಾರಿ ಯೋಜನೆಯು ನಾಲ್ಕನೆಯ ತಿಂಗಳ ಬಸಿರಿನಿಂದ ಮಗುವಿಗೆ ವರ್ಷ ತುಂಬುವವರೆಗೆ ವಾರಕ್ಕೊಂದರಂತೆ 72 ಧ್ವನಿಸಂದೇಶಗಳನ್ನು ರೂಪಿಸಿತು. 2019ರಲ್ಲಿ ಬಂದ ಇ-ಸಂಜೀವಿನಿಯು ಉಪಕೇಂದ್ರದಲ್ಲಿ ಕುಳಿತವರನ್ನು ದೂರದ ವೈದ್ಯರೊಡನೆ ಮಾತನಾಡಿಸುತ್ತದೆ. ಮೊದಲನೆಯದು ಹೇಳುತ್ತದೆ, ಎರಡನೆಯದು ಕೇಳಿಸಿಕೊಳ್ಳುತ್ತದೆ. ಹಿಂಜರಿಕೆ ಕರಗಬೇಕಾದರೆ ಕೇಳಿಸಿಕೊಳ್ಳುವ ದನಿಯೇ ಮುಖ್ಯ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಸೇರಿ ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆಯ ನಂತರ ಒಂದೆರಡು ದಿನ ಜ್ವರ, ಸೂಜಿ ಚುಚ್ಚಿದಲ್ಲಿ ಬಾವು ಬರಬಹುದೆಂದು ಮೊದಲೇ ತಿಳಿದ ತಾಯಿ ಎರಡನೆಯ ಸರದಿಗೆ ಅಂಜುವುದಿಲ್ಲ. ತಿಳಿಯದವಳಿಗೆ ಅದೇ ಜ್ವರವು ಲಸಿಕೆಯ ದೋಷವಾಗಿ ಕಾಣುತ್ತದೆ.

ಫೋನು ಅನುಮಾನವನ್ನೂ ಹೊತ್ತು ತರುತ್ತದೆ. ಈ ಭಾಗದಲ್ಲಿ ಗೊಬ್ಬರ ಎಂದೂ ಕರೆಯುವ ದಡಾರ ಹಾಗೂ ರುಬೆಲ್ಲಾ ವಿರುದ್ಧ 2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ಅಭಿಯಾನ ನಡೆದಾಗ ವಾಟ್ಸಾಪಿನಲ್ಲಿ ಸುಳ್ಳು ಸುದ್ದಿಗಳು ಹರಿದಾಡಿದವು. ಬಸಿರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗುಲಿದರೆ ಹುಟ್ಟುವ ಮಗುವಿನ ಕಣ್ಣು, ಕಿವಿ, ಹೃದಯಗಳಿಗೆ ಊನವಾಗಬಹುದೆಂಬುದನ್ನು ಬಸುರಿಯದೇ ಆಡುಮಾತಿನಲ್ಲಿ ತಿಳಿಸುವುದು ಅಂಥ ಸುದ್ದಿಗಳಿಗೆ ತಕ್ಕ ಉತ್ತರ.

ಹಲವು ಮನೆಗಳಲ್ಲಿ ಫೋನಿರುವುದು ಗಂಡನ ಕೈಯಲ್ಲಿ, ಮಾತು ನಡೆಯುವುದು ಅತ್ತೆಯದು ಇಲ್ಲವೇ ತಾಯಿಯದು. ಆದ್ದರಿಂದ ಈ ಶಿಕ್ಷಣವು ಮನೆಮಂದಿಯೆಲ್ಲ ಕೂಡಿ ಕೇಳುವಂತಿರಬೇಕು. ಎರಡೂ ಮನೆಯವರು ಕೂಡುವ ಕುಬಸದ ದಿನವೇ ಗಂಡನ ಊರಿನ ಮತ್ತು ತವರೂರಿನ ಆಶಾ ಕಾರ್ಯಕರ್ತೆಯರ ನಂಬರುಗಳನ್ನು ತಾಯಿ ಕಾರ್ಡಿನ ಮೇಲೆ ಬರೆದುಕೊಟ್ಟರೆ, ಮಡಿಲು ತುಂಬಿಸಿಕೊಂಡು ಹೊರಟವಳ ಕೂಸಿನ ಲಸಿಕೆಯು ಎರಡು ಊರುಗಳ ನಡುವೆ ತಪ್ಪಿಹೋಗುವುದಿಲ್ಲ.