ಸೊನ್ನೆಯನ್ನು ನಂಬುವುದು ಹೇಗೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳ್ಳಿಗಳಲ್ಲಿ ಸೌರಫಲಕ ಹೊತ್ತು ನಿಂತ ಮಳೆಮಾಪಕಗಳನ್ನು ನೀವು ನೋಡಿರುತ್ತೀರಿ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಶುರುವಾದ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅವನ್ನು ಗ್ರಾಮ ಪಂಚಾಯಿತಿಗೊಂದರಂತೆ ನೆಟ್ಟಿದೆ. 15 ನಿಮಿಷಕ್ಕೊಮ್ಮೆ ಮಳೆಯ ಲೆಕ್ಕ ಮೊಬೈಲ್ ಜಾಲದಲ್ಲಿ ಬೆಂಗಳೂರು ಸೇರುತ್ತದೆ. ದ್ರಾಕ್ಷಿ, ದಾಳಿಂಬೆಯ ಹವಾಮಾನ ಆಧಾರಿತ ವಿಮೆಗೆ ಈ ಲೆಕ್ಕವೂ ಒಂದು ಆಧಾರ. ಹೀಗಾಗಿ ಅಂಕಿ ತಪ್ಪಿದರೆ ಪೆಟ್ಟು ಬೀಳುವುದು ರೈತನ ಮನೆಗೆ.

ಇಂಥ ಮಾಪಕದೊಳಗೆ ಸಾಮಾನ್ಯವಾಗಿ ಜೋಡಿ ಬಟ್ಟಲುಗಳಿರುತ್ತವೆ. ಒಂದು ತುಂಬಿದರೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಎಷ್ಟು ಸಲ ವಾಲಿತು ಎಂಬ ಎಣಿಕೆಯೇ ಮಳೆ. ಮೇಲಿನ ಆಲಿಕೆಯಲ್ಲಿ ಎಲೆಯೋ ಜೇಡರ ಬಲೆಯೋ ಸಿಕ್ಕಿ ದಾರಿ ಕಟ್ಟಿಕೊಂಡರೆ, ಹೊರಗೆ ಮಳೆ ಸುರಿಯುತ್ತಿದ್ದರೂ ಒಳಗೆ ಎಣಿಕೆ ಸೊನ್ನೆ. ಮಾಪಕ ಕಳಿಸುವ ಸಂದೇಶಕ್ಕೆ ಗುಪ್ತ ಸಂಕೇತದ ರುಜು ಹಾಕಿಸಿದರೆ ಬೇರೆಯವರು ಆ ಮಾಪಕದ ಹೆಸರಲ್ಲಿ ಸುಳ್ಳು ಅಂಕಿ ಕಳಿಸಲಾಗದು, ನಿಜ. ಆದರೆ ಕಟ್ಟಿಕೊಂಡ ಆಲಿಕೆಯ ಮಾಪಕವೂ ತನ್ನ ಸೊನ್ನೆಗೆ ಸರಿಯಾದ ರುಜು ಹಾಕಿಯೇ ಕಳಿಸುತ್ತದೆ! ಯಾರು ಕಳಿಸಿದರು ಎಂಬುದಷ್ಟೇ ಅದರಿಂದ ಖಾತ್ರಿ.

ಹಾಗಾದರೆ ನೆರೆಯ ಪಂಚಾಯಿತಿಯ ಅಂಕಿಯೊಡನೆ ಹೋಲಿಸೋಣವೇ? ಮಾಪಕಗಳ ಜಾಲಗಳಲ್ಲಿ ಬಹಳ ಬಳಕೆಯಲ್ಲಿರುವ ಉಪಾಯವದು. ಮುಂಗಾರಿನ ಜಡಿಮಳೆಗೆ ಅದು ಒಗ್ಗುತ್ತದೆ. ಉತ್ತರಿ, ಹಸ್ತದ ಗುಡುಗುಮಳೆಯಾದರೋ ಒಂದು ಹೊಲ ತೋಯಿಸಿ ಬದುವಿನಾಚೆಯ ಹೊಲವನ್ನು ಒಣಗಲು ಬಿಡುವಂಥದ್ದು. ಆಗ ಒಂಟಿಯಾಗಿ ನಿಂತ ಅಂಕಿಯೇ ನಿಜವಾಗಿರಬಹುದು. ಅದಕ್ಕೇ ಬೇರೆ ಜಾತಿಯ ಸಾಕ್ಷಿ ಬೇಕು. ಹೋಬಳಿಯ ಹವಾಮಾನ ಕೇಂದ್ರದಲ್ಲಿ ತೇವಾಂಶ ಏರಿತೇ, ಉಷ್ಣಾಂಶ ಇಳಿಯಿತೇ? ಉಪಗ್ರಹದ ಚಿತ್ರದಲ್ಲಿ ಮೋಡವಿತ್ತೇ? ಅಂಕಿ ಏರಿಳಿದ ಬಗೆಯೂ ಒಂದು ಸಾಕ್ಷಿ: ಮಳೆಗೆ ತನ್ನದೇ ಏರಿಳಿತವಿದೆ. ಯಾರೋ ಮಾಪಕಕ್ಕೆ ಕೊಡ ಬಗ್ಗಿಸಿದ ನೀರಾದರೋ ಒಮ್ಮೆಲೇ ಬಂದು ಒಮ್ಮೆಲೇ ನಿಲ್ಲುತ್ತದೆ.

ಇನ್ನೊಂದನ್ನು ಒತ್ತಿ ಹೇಳಬೇಕು. ಬ್ಯಾಟರಿ ಸೋತು ಅಂಕಿ ಬಾರದಿದ್ದರೆ ಆ ಜಾಗ ಖಾಲಿ ಇರಬೇಕು, ಅಲ್ಲಿ ಸೊನ್ನೆ ಬರೆಯಕೂಡದು. ಮಳೆಯಾಗಿಲ್ಲ ಎನ್ನುವುದು ಬೇರೆ, ಗೊತ್ತಿಲ್ಲ ಎನ್ನುವುದು ಬೇರೆ. ಖಾಲಿ ಜಾಗವನ್ನು ಅಂದಾಜಿನಿಂದ ತುಂಬಿದರೆ ಅದು ಅಂದಾಜೆಂದು ಪಕ್ಕದಲ್ಲೇ ಗುರುತು ಹಾಕಬೇಕು. ಆಲಿಕೆಯನ್ನು ಯಾವತ್ತು ಸ್ವಚ್ಛ ಮಾಡಲಾಯಿತು, ಅಳೆದ ನೀರು ಸುರಿದು ಎಣಿಕೆಯನ್ನು ಯಾವತ್ತು ಪರೀಕ್ಷಿಸಲಾಯಿತು ಎಂಬ ತಾರೀಖುಗಳನ್ನೂ ಮಳೆಯ ಅಂಕಿಯ ಜೊತೆಗೇ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಆ ತಾರೀಖುಗಳನ್ನು ಕೇಳುವ ಹಕ್ಕು ವಿಮೆ ಕಟ್ಟಿದ ಪ್ರತಿ ರೈತನಿಗೂ ಇರಬೇಕೆಂದು ನನ್ನ ವಾದ.