ರಜೆಗೆ ಸಹಿ ಹಾಕುವವರು ಯಾರು?

(ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಸಲ ನನಗೆ ಕೊಟ್ಟ ವಿಷಯ "ಸೇವೆ ಮತ್ತು ವಿಶ್ರಾಂತಿ". ಸೇವೆಯ ಬಗ್ಗೆ ಇಲ್ಲಿ ಕುಳಿತವರಿಗೆ ನಾನು ಹೇಳಿಕೊಡಬೇಕಾದ್ದು ಏನೂ ಇಲ್ಲ. ಹಾಗಾಗಿ ವಿಶ್ರಾಂತಿಯ ಬಗ್ಗೆ ಮಾತನಾಡುತ್ತೇನೆ. ಅದಕ್ಕೆ ನಾನು ಆರಿಸಿಕೊಂಡ ಉದಾಹರಣೆ ಸ್ವಲ್ಪ ಬೇರೆ: ಚರ್ಚಿನ ಪಾದ್ರಿಗಳು ತೆಗೆದುಕೊಳ್ಳುವ ದೀರ್ಘ ರಜೆ, ಸಬ್ಬಾಟಿಕಲ್.

ಪಾದ್ರಿಗಳೇ ಯಾಕೆ ಎಂದು ನೀವು ಕೇಳಬಹುದು. ಅವರ ಕೆಲಸಕ್ಕೂ ನಮ್ಮ ಮನೆಗೆಲಸಕ್ಕೂ ಹತ್ತಿರದ ಹೋಲಿಕೆ ಇದೆ. ಭಾನುವಾರದ ಪ್ರಸಂಗ ಎಲ್ಲರಿಗೂ ಕಾಣುತ್ತದೆ. ಆಸ್ಪತ್ರೆಯ ಭೇಟಿ, ಮಧ್ಯರಾತ್ರಿಯ ಫೋನು, ಸಾವಿನ ಮನೆ, ಗಂಡ ಹೆಂಡತಿಯ ಜಗಳ, ಚರ್ಚಿನ ಲೆಕ್ಕಪತ್ರ ಯಾರಿಗೂ ಕಾಣುವುದಿಲ್ಲ. ಇಲ್ಲಿಗೆ ಕೆಲಸ ಮುಗಿಯಿತು ಎನ್ನುವ ಹೊತ್ತೇ ಇಲ್ಲ. ಅದರ ಮೇಲೆ, ಅದು ಪ್ರೀತಿಯಿಂದ ಮಾಡಬೇಕಾದ ಕೆಲಸ. "ನನಗೆ ದಣಿವಾಗಿದೆ" ಎಂದರೆ "ನಿಮ್ಮ ಮೇಲೆ ಪ್ರೀತಿ ಕಡಿಮೆಯಾಗಿದೆ" ಎಂದೇ ಜನ ಕೇಳಿಸಿಕೊಳ್ಳುತ್ತಾರೆ. ಈ ಕಷ್ಟ ಅಮ್ಮಂದಿರಿಗೆ ಚೆನ್ನಾಗಿ ಗೊತ್ತು.

ಸಬ್ಬಾಟಿಕಲ್ ಎಂಬ ಮಾತು ಬಂದದ್ದು ಯೆಹೂದ್ಯರ ಸಬ್ಬತ್‌ನಿಂದ, ಅಂದರೆ ಏಳನೆಯ ದಿನದ ವಿಶ್ರಾಂತಿಯಿಂದ. ಬೈಬಲ್‌ನ ಯಾಜಕಕಾಂಡದ 25ನೇ ಅಧ್ಯಾಯ ಇದನ್ನು ಹೊಲಕ್ಕೂ ಅನ್ವಯಿಸುತ್ತದೆ. ಆರು ವರ್ಷ ಬಿತ್ತಿ ಬೆಳೆದ ಮೇಲೆ ಏಳನೆಯ ವರ್ಷ ಭೂಮಿಯನ್ನು ಹಾಗೆಯೇ ಬಿಡಬೇಕು. ನಮ್ಮ ಊರ ರೈತರೂ ಹೊಲವನ್ನು ಬೀಳು ಬಿಡುವುದುಂಟು. ಬೀಳು ಬಿಟ್ಟ ಹೊಲವನ್ನು ಸೋಮಾರಿ ಎಂದು ಯಾರೂ ಬೈಯುವುದಿಲ್ಲ. ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರಿಗೆ ಇಂಥ ರಜೆ ಕೊಡುವ ಪದ್ಧತಿಯನ್ನು 1880ರಲ್ಲಿ ಹಾರ್ವರ್ಡ್ ಶುರು ಮಾಡಿತು.

ಅದೇ ಬೈಬಲ್‌ನಲ್ಲಿ ಎಲೀಯ ಎಂಬ ಪ್ರವಾದಿಯ ಕಥೆ ಇದೆ. ದೊಡ್ಡದೊಂದು ಗೆಲುವಿನ ಮರುಕ್ಷಣವೇ ಆತ ಪ್ರಾಣಭಯದಿಂದ ಮರುಭೂಮಿಗೆ ಓಡಿ, ಗಿಡವೊಂದರ ಕೆಳಗೆ ಕುಳಿತು, ಇನ್ನು ಸಾವು ಬಂದರೆ ಸಾಕು ಎನ್ನುತ್ತಾನೆ. ದೇವದೂತ ಬಂದು ಉಪದೇಶ ಮಾಡುವುದಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಡುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ಇನ್ನೊಮ್ಮೆ ಎಬ್ಬಿಸಿ ಊಟ. ಮುಂದಿನ ಕೆಲಸದ ಮಾತೆಲ್ಲ ಆಮೇಲೆ. ದಣಿದವರಿಗೆ ಮೊದಲು ಬೇಕಾದ್ದು ಊಟ, ನಿದ್ದೆ ಎಂಬುದು ಆ ಕಥೆ ಬರೆದವರಿಗೆ ತಿಳಿದಿತ್ತು.

ಈಗ ನಮ್ಮ ಕಾಲಕ್ಕೆ ಬರೋಣ. ಹೋವರ್ಡ್-ಜಾನ್ ವೆಸ್ಲಿ ಅಮೆರಿಕದ ವರ್ಜೀನಿಯಾದಲ್ಲಿ, 1803ರಲ್ಲಿ ಆರಂಭವಾದ ಆಲ್ಫ್ರೆಡ್ ಸ್ಟ್ರೀಟ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ. ಸಾವಿರಾರು ಜನ ಸೇರುವ ಚರ್ಚು ಅದು. 2019ರ ಡಿಸೆಂಬರ್‌ನಲ್ಲಿ ಅವರು ತಮ್ಮ ಜನರ ಮುಂದೆ ನಿಂತು, ಹೊಸ ವರ್ಷದಿಂದ ರಜೆಯ ಮೇಲೆ ಹೋಗುತ್ತೇನೆ ಎಂದರು. ನಿದ್ದೆಯಿಂದ ಹೋಗದ ದಣಿವು ಇದು, ದೇವರ ಕೆಲಸ ಮಾಡುತ್ತಲೇ ದೇವರಿಂದ ದೂರವಾಗಿದ್ದೇನೆ ಎಂಬ ಅರ್ಥದಲ್ಲಿ ಮಾತನಾಡಿದರು. ಹನ್ನೊಂದು ವರ್ಷಗಳಲ್ಲಿ ಚರ್ಚಿನ ಕೆಲಸದ ಯೋಚನೆಯಿಲ್ಲದೆ ಎದ್ದ ದಿನವೇ ಇರಲಿಲ್ಲವಂತೆ.

ಇನ್ನೊಬ್ಬರು ಮಿನಿಯಾಪೊಲಿಸ್‌ನ ಬೆತ್ಲೆಹೆಮ್ ಬ್ಯಾಪ್ಟಿಸ್ಟ್ ಚರ್ಚಿನ ಜಾನ್ ಪೈಪರ್. ಮೂವತ್ತು ವರ್ಷ ಸೇವೆ ಮಾಡಿದ ಮೇಲೆ, 2010ರ ಮೇ 1ರಿಂದ ಡಿಸೆಂಬರ್ 31ರವರೆಗೆ ಎಂಟು ತಿಂಗಳು ಬಿಡುವು ಪಡೆದರು. ತನ್ನ ಮನಸ್ಸು, ದಾಂಪತ್ಯ, ಕುಟುಂಬ, ಸೇವೆಯ ರೀತಿ ಇವನ್ನೆಲ್ಲ ಸರಿಯಾಗಿ ನೋಡಿಕೊಳ್ಳಬೇಕಾಗಿದೆ ಎಂದು ಬಹಿರಂಗವಾಗಿ ಬರೆದರು. ಅದಕ್ಕೆ ನಾಲ್ಕು ವರ್ಷ ಹಿಂದೆ ಸಿಕ್ಕಿದ ರಜೆಯಲ್ಲಿ ಅವರು ಒಂದು ಪುಸ್ತಕ ಬರೆದಿದ್ದರು. ಈ ಸಲ ಪುಸ್ತಕ, ಪ್ರಸಂಗ, ಬ್ಲಾಗು, ಟ್ವಿಟರ್ ಎಲ್ಲವನ್ನೂ ಬಿಡುವುದಾಗಿ ತೀರ್ಮಾನಿಸಿದರು. ರಜೆ ಹಾಕಿ ಅಟ್ಟ ಗುಡಿಸುವ ನಮಗೆ ಈ ವ್ಯತ್ಯಾಸ ಬೇಗ ಅರ್ಥವಾಗಬೇಕು.

ಅವರ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಈ ಅವಧಿಗೆ ಸಂಬಳ ಬೇಡ ಎಂದು ಅವರು ಚರ್ಚಿನ ಹಿರಿಯರನ್ನು ಕೇಳಿಕೊಂಡಿದ್ದರು. ತನ್ನಿಂದ ಸಹೋದ್ಯೋಗಿಗಳಿಗೆ ಹೆಚ್ಚು ಕೆಲಸ ಬೀಳುತ್ತದೆ, ದುಡಿಯುವ ಹೆಚ್ಚಿನ ಹೆಂಗಸರು ಗಂಡಸರಿಗೆ ಹೀಗೆ ಬಿಟ್ಟುನಿಲ್ಲುವ ಸ್ವಾತಂತ್ರ್ಯವೇ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು. ಹಿರಿಯರು ಒಪ್ಪಲಿಲ್ಲ, ಸಂಬಳ ಸಹಿತವೇ ಕಳುಹಿಸಿದರು.

ಈ ಉದಾಹರಣೆಗಳಿಂದ ನಾನು ಹೇಳಬೇಕೆಂದಿರುವುದು ಇಷ್ಟೆ: ಇಂಥ ವಿಶ್ರಾಂತಿಯನ್ನು ಒಬ್ಬರೇ ತೆಗೆದುಕೊಳ್ಳಲು ಆಗುವುದಿಲ್ಲ. ಅವರನ್ನು ನೆಚ್ಚಿಕೊಂಡವರು ಅದನ್ನು ಕೊಡಬೇಕು. ಅಮೆರಿಕದ ಲಿಲ್ಲಿ ಎಂಡೋಮೆಂಟ್ ಎಂಬ ದತ್ತಿ ಸಂಸ್ಥೆ ಪಾದ್ರಿಗಳ ರಜೆಗೆ ಹಣ ಕೊಡುತ್ತದೆ. ಅದು ಅನುದಾನ ಕೊಡುವುದು ಪಾದ್ರಿಗಲ್ಲ, ಚರ್ಚಿಗೆ. ಹಲವು ವರ್ಷ ಅದರ ಮಿತಿ 50,000 ಡಾಲರ್ ಇತ್ತು. ಅದರಲ್ಲಿ 15,000 ಡಾಲರ್‌ವರೆಗೆ, ಪಾದ್ರಿ ಇಲ್ಲದಾಗ ಚರ್ಚು ನಡೆಸುವ ಖರ್ಚಿಗೆ ಬಳಸಬಹುದಿತ್ತು. ಅಂದರೆ ಹೋಗುವವರ ಪ್ರಯಾಣದಷ್ಟೇ ಉಳಿಯುವವರ ವ್ಯವಸ್ಥೆಯೂ ರಜೆಯ ಭಾಗ.

ನಾನು ಐಟಿಯಲ್ಲಿ ಕೆಲಸ ಮಾಡುವವಳು. ಒಂದು ಸರ್ವರ್ ನಿಂತರೆ ಎಲ್ಲವೂ ನಿಂತುಹೋಗುವಂತಿದ್ದರೆ ನಾವು ಆ ಸರ್ವರನ್ನು ಹೊಗಳುವುದಿಲ್ಲ, ವಿನ್ಯಾಸವೇ ಸರಿಯಿಲ್ಲ ಎನ್ನುತ್ತೇವೆ. ಮನೆಯ ವಿಷಯದಲ್ಲಿ ಮಾತ್ರ "ಅವಳಿಲ್ಲದಿದ್ದರೆ ಒಂದು ದಿನವೂ ನಡೆಯಲ್ಲ" ಎನ್ನುವುದು ದೊಡ್ಡ ಹೊಗಳಿಕೆ!

ಸಬ್ಬತ್‌ನ ಆಜ್ಞೆಯಲ್ಲಿ ಯಾರು ಯಾರು ಕೆಲಸ ನಿಲ್ಲಿಸಬೇಕು ಎಂಬ ಪಟ್ಟಿಯೇ ಇದೆ. ನೀನು, ನಿನ್ನ ಮಗ, ಮಗಳು, ಆಳು, ದಾಸಿ, ದನಕರು, ನಿನ್ನ ಊರಲ್ಲಿರುವ ಪರದೇಶಿ. ಈ ಪಟ್ಟಿಯಲ್ಲಿ ಹೆಂಡತಿಯ ಹೆಸರಿಲ್ಲ. "ನೀನು" ಎಂಬುದರಲ್ಲಿ ಅವಳೂ ಸೇರಿದ್ದಾಳೆ ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಇರಬಹುದು. ಆದರೆ ಹೀಗೆ ಯಾವುದೋ ಒಂದು ಪದದೊಳಗೆ ಸೇರಿಕೊಂಡಿದ್ದೇವೆ ಎಂದುಕೊಂಡೇ ನಾವು ಬಿಡುವಿನ ಪಟ್ಟಿಯಿಂದ ಹೊರಗೆ ಉಳಿದುಬಿಡುತ್ತೇವೆ. ಮನೆಮಂದಿಯೆಲ್ಲ ಪ್ರವಾಸಕ್ಕೆ ಹೋದರೂ ಮಕ್ಕಳ ಬ್ಯಾಗು, ಅತ್ತೆಯ ಮಾತ್ರೆ, ದಾರಿಯ ಚಪಾತಿ ಚಟ್ನಿಪುಡಿ ಯಾರ ಜವಾಬ್ದಾರಿ? ಪಾದ್ರಿಗಾದರೂ ಸಹಿ ಹಾಕಲು ಚರ್ಚಿನ ಹಿರಿಯರಿದ್ದಾರೆ. ಹಾಸಿಗೆ ಹಿಡಿದ ಮಾವನನ್ನು ನೋಡಿಕೊಳ್ಳುತ್ತಿರುವ ಸೊಸೆಯ ರಜೆಗೆ ಸಹಿ ಹಾಕುವವರು ಯಾರು?

ಬೈಬಲ್‌ನಲ್ಲೇ ಇದಕ್ಕೊಂದು ದಾರಿ ಸಿಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ನ್ಯಾಯ ತೀರಿಸುತ್ತಿದ್ದ ಮೋಶೆಗೆ ಅವನ ಮಾವ ಇತ್ರೋ ಹೇಳುವುದು ಇದನ್ನೇ: ಹೀಗೆ ಮಾಡಿದರೆ ನೀನೂ ಬಳಲುತ್ತೀಯ, ಈ ಜನರೂ ಬಳಲುತ್ತಾರೆ, ಕೆಲಸ ಹಂಚು. ದಣಿವು ಮೊದಲು ಕಂಡದ್ದು ದಣಿದವನಿಗಲ್ಲ, ಪಕ್ಕದಲ್ಲಿ ನಿಂತು ನೋಡಿದವರಿಗೆ. ಆ ಪಕ್ಕದವರು ನಾವಾಗಬೇಕು.

ನಮ್ಮ ಮಹಿಳಾ ವಿಭಾಗದ ಮುಂದೆ ಎರಡು ಸಲಹೆ ಇಡುತ್ತೇನೆ. ಮೊದಲನೆಯದು, ನಮ್ಮ ಸಂಘದ್ದೇ. ಹಾಲ್ ಬುಕಿಂಗ್, ತಿಂಡಿಯ ವ್ಯವಸ್ಥೆ, ಮಕ್ಕಳ ನೃತ್ಯ, ಅರಿಸಿನ ಕುಂಕುಮ, ವಾಟ್ಸಾಪ್ ಗುಂಪು, ಯಾವುದೇ ಕೆಲಸ ವರ್ಷಾನುಗಟ್ಟಲೆ ಒಬ್ಬರ ತಲೆಯ ಮೇಲೇ ಇದ್ದರೆ, ಅವರಿಗೆ ಮೂರು ತಿಂಗಳು ಬಿಡುವು ಕೊಡೋಣ. ದಿನಾಂಕ ಬರೆದು, ಕೆಲಸ ಯಾರಿಗೆ ಎಂದು ಹೆಸರು ಹಾಕಿ, ಆ ಅವಧಿಯಲ್ಲಿ "ಒಂದೇ ಒಂದು ಡೌಟು" ಎಂದು ಫೋನು ಮಾಡದೆ. ಹಿಂದಿರುಗಿದಾಗ ಅವರ ಕುರ್ಚಿ ಅವರಿಗೇ ಇರಬೇಕು. ಆ ಭರವಸೆ ಇಲ್ಲದಿದ್ದರೆ ಅದು ರಜೆಯಲ್ಲ, ನಿವೃತ್ತಿ.

ಎರಡನೆಯದು ಮನೆಯದ್ದು. ಊರಿನಲ್ಲಾದರೆ ಅಕ್ಕ, ಚಿಕ್ಕಮ್ಮ, ಪಕ್ಕದ ಮನೆಯವರು ಬಂದು ನಿಲ್ಲುತ್ತಿದ್ದರು. ಹೊರರಾಜ್ಯದಲ್ಲಿರುವ ನಮಗೆ ಆ ಬಳಗ ಈ ಸಂಘವೇ. ನಮ್ಮಲ್ಲಿ ಯಾರ ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದಾರೆ ಎಂಬುದು ಎಲ್ಲರಿಗೂ ಗೊತ್ತು. ತಿಂಗಳಿಗೆ ಒಂದು ಭಾನುವಾರ ಇಬ್ಬರು ಹೋಗಿ ಕುಳಿತುಕೊಂಡರೆ ಆಕೆಗೆ ಎಂಟು ಗಂಟೆ ಸಿಗುತ್ತದೆ. ಪೈಪರ್ ಅವರಿಗೆ ಸಿಕ್ಕಿದ್ದು ಎಂಟು ತಿಂಗಳು. ನಮಗೆ ಎಂಟು ಗಂಟೆಯೂ ದೊಡ್ಡದೇ.

ಅದನ್ನು ಆಕೆ ಕೇಳಲಿ ಎಂದು ಕಾಯಬಾರದು. ಆಕೆ ಕೇಳುವುದಿಲ್ಲ. ಇಂದು ಚಹಾ ಕುಡಿಯುವಾಗ ಮೊದಲ ಭಾನುವಾರಕ್ಕೆ ಇಬ್ಬರ ಹೆಸರು ಬರೆದುಕೊಳ್ಳೋಣ. ಒಂದು ಹೆಸರು ನನ್ನದು.