ಹೊಗೆಯ ಹೆಸರುಗಳು



ಘಟಪ್ರಭೆಯ ಸೀಮೆಯಲ್ಲಿರುವ ಅರಭಾವಿಯ ಹೆಸರಿನಲ್ಲಿಯೇ ಒಂದು ಭಾವಿಯಿದೆ. ಭಾವಿಯಿಂದ ನಾವು ನೀರು ಸೇದುತ್ತೇವೆ. ಬೀಡಿ ಸಿಗರೇಟುಗಳನ್ನೂ ಸೇದುತ್ತೇವೆ. ಹಿಂದಿಯವರು ಅವುಗಳನ್ನು ‘ಕುಡಿಯು’ತ್ತಾರೆ, ಹದಿನೇಳನೆಯ ಶತಮಾನದ ಆಂಗ್ಲರೂ ತಂಬಾಕನ್ನು ಕುಡಿಯುವುದೆಂದೇ ಹೇಳುತ್ತಿದ್ದರು. ಕನ್ನಡಿಗನಾದರೋ ಹೊಸ ಚಟಕ್ಕೆ ಹಗ್ಗ ಕೊಡಗಳ ಹಳೆಯ ಕ್ರಿಯಾಪದವನ್ನೇ ಒದಗಿಸಿದನು.

ಕ್ರಿಯಾಪದ ನಮ್ಮದು, ವಸ್ತು ನಮ್ಮದಲ್ಲ. ಅಮೆರಿಕದ ಈ ಗಿಡವನ್ನು ನಮ್ಮ ಕಡೆಗೆ ತಂದವರು ಪೋರ್ತುಗೀಜರು. ತಂಬಾಕು ಎಂಬ ಹೆಸರಿನ ಮೂಲವೂ ಅವರ ಮಾತೇ. 1604ರ ಸುಮಾರಿನಲ್ಲಿ ಅಕ್ಬರನ ದೂತನಾದ ಅಸದ್ ಬೇಗನು ಅದನ್ನು ಕಂಡದ್ದು ನಮ್ಮ ವಿಜಾಪುರದಲ್ಲಿ; ಅಲ್ಲಿಂದ ಕೊಂಡೊಯ್ದು ಬಾದಶಹನಿಗೆ ಒಪ್ಪಿಸಿದನು. 1617ರಲ್ಲಿ ಜಹಾಂಗೀರನು ನಿಷೇಧಿಸಿದರೂ ಹೊಗೆ ಆರಲಿಲ್ಲ. ನಮ್ಮ ಜನರು ಆ ಎಲೆಯನ್ನು ಹೊಗೆಸೊಪ್ಪು ಎಂದು ಕರೆದು ಮನೆಯದಾಗಿ ಮಾಡಿಕೊಂಡರು.

ಬೀಡಿಯ ಮೂಲ ಸಂಸ್ಕೃತದ ವೀಟಿಕಾ, ಎಂದರೆ ವೀಳ್ಯದ ಸುರುಳಿ. ಮಂಗಳದ ತಟ್ಟೆಯಲ್ಲಿದ್ದ ಹೆಸರು ಹೀಗೆ ಕಿವಿಯ ಸಂದಿಗೆ ಬಂದಿತು. ಸಿಗರೇಟು ಫ್ರೆಂಚರ ಮಾತು. ಚಿಕ್ಕ ಸಿಗಾರು ಎಂದಷ್ಟೇ ಅದರ ಅರ್ಥ. ಆಂಗ್ಲರ ‘ಚೆರೂಟ್’ ಮಾತ್ರ ನಮ್ಮ ದಕ್ಷಿಣದ್ದು. ಅದು ತಮಿಳಿನಲ್ಲಿ ಸುರುಳಿಯೆಂಬ ಅರ್ಥದ ಶಬ್ದ.

ಇನ್ನು ಆಡುಮಾತಿನ ಅಡ್ಡಹೆಸರುಗಳು. ಇವು ಬಹುಶಃ ಅಂಶದಿಂದ ಸಮಗ್ರವನ್ನು ಹೇಳುತ್ತವೆ. ಆಂಗ್ಲರಲ್ಲಿ ‘ಫ್ಯಾಗ್’ ಎಂದರೆ ಮೊದಲು ಉಳಿದ ಮೋಟು, ಅನಂತರ ಇಡೀ ಸಿಗರೇಟು. ನಮ್ಮಲ್ಲಿ ಒಂದು ಎಳೆತದ ಹೆಸರಾದ ‘ದಮ್ಮು’ ಚಟಕ್ಕೇ ಹೆಸರಾಯಿತು. ಇಂಥ ಹೆಸರುಗಳು ಸಲಿಗೆಯವು. ಸಲಿಗೆಯ ಹೆಸರಿನವನಿಗೆ ಯಾರೂ ಹೆದರುವುದಿಲ್ಲ. ಆಂಗ್ಲರ ಬೀದಿಮಾತಿನಲ್ಲಿ ಸಿಗರೇಟಿಗೆ ‘ಶವಪೆಟ್ಟಿಗೆಯ ಮೊಳೆ’ ಎಂಬ ಹೆಸರೂ ಉಂಟು. ಅಂಥ ನಿಷ್ಠುರವಾದ ಹೆಸರು ನಮ್ಮಲ್ಲಿಲ್ಲವೇ ಎಂದು ನೀವು ಕೇಳಬಹುದು.

ಉಂಟು, ಅದೂ ದಮ್ಮೇ. ಪಾರಸಿಯಲ್ಲಿ ದಮ್ ಎಂದರೆ ಉಸಿರು. ಕನ್ನಡದಲ್ಲಿ ಅದು ಎದೆಗಾರಿಕೆಯೂ ಆಯಿತು: ‘ದಮ್ಮಿದ್ದರೆ ಬಾ’ ಎನ್ನುತ್ತೇವೆ. ಸೇದುವವನ ಎಳೆತವೂ ದಮ್ಮು. ಮುಪ್ಪಿನಲ್ಲಿ ಅವನನ್ನು ಗೋಡೆಗೆ ಒರಗಿಸಿ ಕೂಡಿಸುವ ಉಬ್ಬಸವೂ ದಮ್ಮು. ಇದೇ ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಬೀಡಿಯ ತಂಬಾಕಿಗೆ ಹೆಸರಾದ ಪೇಟೆ. ಅಲ್ಲಿಯ ವಖಾರಿಗಳಲ್ಲಿ ದುಡಿದ ಹೆಣ್ಣುಮಕ್ಕಳಿಗಂತೂ ಸೇದದೆಯೇ ಆ ಧೂಳು ಉಸಿರಿನೊಳಗೆ ಇಳಿಯಿತು.

ಎಳೆಯ ಗೆಳೆಯರು ‘ಒಂದು ದಮ್ಮು ಎಳೆಯೋಣ’ ಎಂದಾಗ, ಆ ಶಬ್ದದ ಮೂರೂ ಅರ್ಥಗಳನ್ನು ಒಮ್ಮೆಗೇ ಕೇಳಿಸಿಕೊಳ್ಳಬೇಕೆಂಬುದೇ ನಮ್ಮ ವಿಜ್ಞಾಪನೆ. ಸೇದಿದಷ್ಟೂ ಭಾವಿಗೆ ಸೆಲೆಯಿಂದ ನೀರು ಬರುತ್ತದೆ. ಎದೆಗೆ ಅಂಥ ಸೆಲೆಯಿಲ್ಲ.